ಬಟ್ಟೆ ಒಗೆಯುವ ಕಲ್ಲಿನ ಇನ್ನೊಂದು ಮುಖ

ಅತ್ತಿಗುಪ್ಪೆಯಲ್ಲಿ ನಮ್ಮ ಮನೆಗೆ ಡೋರ್ ನಂಬರ್ ಬೇಕಿಲ್ಲ. ಊಟ ತರುವ ಡೆಲಿವರಿಯವರಿಗೂ ‘ಕಲ್ಲುಮನೆ’ ಅಂದರೆ ಸಾಕು; ಗೇಟಿನಿಂದ ಹಿತ್ತಲವರೆಗೆ ನೆಲವೆಲ್ಲ ಕಲ್ಲುಚಪ್ಪಡಿ. ಅದನ್ನು ಕಟ್ಟಿಸಿದವರು ನನ್ನ ತಾತ, ಒಂದು ಕಾಲಕ್ಕೆ ನಮ್ಮ ವಾರ್ಡಿನ ಕಾರ್ಪೊರೇಟರ್. ಹೋದ ವರ್ಷ ಚಿಕ್ಕಪ್ಪನಿಗೆ, ಬೀದಿ ಕೊನೆಯ ಸರ್ಕಲ್ಲಿಗೆ ತಾತನ ಹೆಸರು ಇಡಿಸಬೇಕೆಂಬ ಹುಚ್ಚು ಹತ್ತಿತು. ಅರ್ಜಿಯ ಜೊತೆ ಮನೆಯ ಇತಿಹಾಸ ಒಂದು ಪುಟ ಬೇಕಿತ್ತು. ಮನೆಯಲ್ಲಿ ನಾಲ್ಕಕ್ಷರ ಬರೆಯುವವಳು ನಾನೊಬ್ಬಳೇ, ಬಲಿ ಬಿದ್ದೆ.

‘ಇಷ್ಟೊಂದು ಕಲ್ಲು ಎಲ್ಲಿಂದ ಬಂತು ಚಿಕ್ಕಪ್ಪ?’ ಎಂದು ಕೇಳಿದೆ.

‘ಜನರ ಪ್ರೀತಿ ಕಣಮ್ಮ. ಹಂಗೇ ಬರ್ಕೋ.’

ಬರೆದುಕೊಂಡೆ. ಆ ವಾರವೇ ಹಿತ್ತಲಿನ ಪೈಪ್ ಒಡೆಯಿತು. ಅಮ್ಮ ಸೊಸೆಯಾಗಿ ಬಂದಾಗಿನಿಂದ ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಪ್ಲಂಬರ್ ಹಾರೆ ಹಾಕಿ ಮಗುಚಿದ. ಕೆಳಮುಖದ ತುಂಬ ಅಕ್ಷರ! ಅಮ್ಮ ಒಂದು ಚೊಂಬು ನೀರು ಸುರಿದು ತೆಂಗಿನ ನಾರಿನಿಂದ ಉಜ್ಜಿದಳು. ‘ಹೆರಿಗೆ ಆಸ್ಪತ್ರೆಯ ಶಂಕುಸ್ಥಾಪನೆ’ ಎಂದಿತ್ತು. ಅದರ ಕೆಳಗೆ ತಾತನ ಹೆಸರು, ಆಸ್ಪತ್ರೆಗಿಂತ ದಪ್ಪ ಅಕ್ಷರದಲ್ಲಿ.

ನನಗೆ ತಡೆಯಲಾಗಲಿಲ್ಲ. ಪ್ಲಂಬರನಿಗೆ ಕಾಫಿ ಕೊಟ್ಟು ಇನ್ನಷ್ಟು ಚಪ್ಪಡಿ ಎತ್ತಿಸಿದೆ. ತುಳಸಿಕಟ್ಟೆ ಪಕ್ಕ ಗ್ರಂಥಾಲಯ ಸಿಕ್ಕಿತು. ಗೇಟಿನ ಬಳಿ ಬಸ್ ನಿಲ್ದಾಣ. ಬಚ್ಚಲಲ್ಲಿ ವ್ಯಾಯಾಮಶಾಲೆ. ಒಂದು ಇಡೀ ವಾರ್ಡು ನಮ್ಮ ಮನೆಯಲ್ಲಿ ಮಕಾಡೆ ಮಲಗಿತ್ತು.

ಚಿಕ್ಕಪ್ಪ ಬೆವರು ಒರೆಸಿಕೊಂಡು ವಿವರಿಸಿದರು. ಕೆಲಸ ಮಂಜೂರಾಗುವ ಮೊದಲೇ ಕಲ್ಲು ಕೆತ್ತಿಸುವುದು ತಾತನ ರೂಢಿಯಂತೆ. ಪೂಜೆ, ಹಾರ, ಭಾಷಣ ಎಲ್ಲ ಆಗುತ್ತಿತ್ತು. ಕೆಲಸ ಬಿದ್ದುಹೋದರೆ ಕಲ್ಲು ನಮ್ಮ ಮನೆ ಸೇರುತ್ತಿತ್ತು.

‘ಅಪ್ಪನ ಹೆಸರಿರೋ ಕಲ್ಲು ಬೀದೀಲಿ ಬಿಡಕ್ಕಾಗತ್ತಾ?’ ಎಂದರು.

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮನ ಮುಖ ನೋಡಿದ ಮೇಲೆ ನಗು ನಿಂತಿತು.

ನಾನು ಹುಟ್ಟಿದ್ದು ಮಾಗಡಿ ರಸ್ತೆಯ ಟೋಲ್‌ಗೇಟ್ ಬಳಿ, ಆಟೋದಲ್ಲಿ. ಹತ್ತಿರದಲ್ಲೆಲ್ಲೂ ಹೆರಿಗೆ ಆಸ್ಪತ್ರೆ ಇರಲಿಲ್ಲ. ‘ಆಟೋ ಹತ್ತಿದ್ದು ಇಬ್ಬರು, ಇಳಿದದ್ದು ಮೂವರು’ ಎಂದು ತಾತ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಆವತ್ತು ಸತ್ತೇ ಹೋಗುತ್ತೇನೆ ಅಂದುಕೊಂಡಿದ್ದ ಅಮ್ಮ ಆ ಮಾತಿಗೆ ಒಮ್ಮೆಯೂ ನಕ್ಕಿದ್ದಿಲ್ಲ. ಆ ಬೆಳಿಗ್ಗೆ ಅವಳಿಗೆ ನೋವು ಶುರುವಾದದ್ದು ಇದೇ ಒಗೆಯುವ ಕಲ್ಲಿನ ಮುಂದೆ, ಕೈಯಲ್ಲಿ ತಾತನ ಪಂಚೆ ಹಿಡಿದಿದ್ದಾಗ. ತಾತನ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು.

‘ಯಾರಾದ್ರೂ ನೋಡೋದ್ರೊಳಗೆ ಮಗುಚಿಬಿಡಪ್ಪ,’ ಎಂದು ಚಿಕ್ಕಪ್ಪ ಪ್ಲಂಬರನಿಗೆ ಹೇಳಿದರು.

‘ಬೇಡ. ಅಕ್ಷರ ಮೇಲೇ ಇರ್ಲಿ,’ ಎಂದಳು ಅಮ್ಮ.

‘ಅತ್ತಿಗೆ, ಅದು ಅಪ್ಪನ ಹೆಸರು!’

ಅರ್ಜಿ ಕೊಡಲು ಹೋಗುವಾಗ ಹಾಕಿಕೊಳ್ಳಬೇಕೆಂದು ಚಿಕ್ಕಪ್ಪ ನೆನೆಹಾಕಿದ್ದ ಬಿಳಿ ಶರ್ಟನ್ನು ಅಮ್ಮ ಬಕೆಟ್ಟಿನಿಂದ ತೆಗೆದಳು. ಅದರ ಕಾಲರನ್ನು ತಾತನ ಹೆಸರಿನ ಮೇಲೆ ಹರಡಿ, ಸೋಪು ಹಚ್ಚಿ, ಗಸಗಸ ತಿಕ್ಕಿದಳು. ಆಮೇಲೆ ಎತ್ತಿ ಬೆಳಕಿಗೆ ಹಿಡಿದಳು.

‘ಇಷ್ಟು ವರ್ಷ ಗೊತ್ತೇ ಆಗ್ಲಿಲ್ಲ. ಈ ಕಡೆ ಕೊಳೆ ಎಷ್ಟು ಚೆನ್ನಾಗಿ ಹೋಗತ್ತೆ ನೋಡಪ್ಪ!’