ಕನ್ನಡಿಯ ಹಿಂದಿನ ಹಿಡಿತ

ದೆವ್ವ, ಗಾಳಿ, ಮೈಮೇಲೆ ಬರುವುದು ಇವೆಲ್ಲ ಸರಿಯಾಗಿ ಊಟ, ನಿದ್ದೆ ಇಲ್ಲದವರ ಕಾಯಿಲೆ ಎಂದು ಹೇಳಿಕೊಂಡು ಓಡಾಡುತ್ತಿದ್ದವಳು ನಾನು. ಮುಳಬಾಗಿಲಿನಲ್ಲಿ ನಮ್ಮಪ್ಪ ಒಂದು ಸಣ್ಣ ದೇವಸ್ಥಾನದ ಅರ್ಚಕರಾಗಿದ್ದರು. ಮಗು ಬೆಚ್ಚಿಬಿದ್ದರೆ, ಹಸು ಹಾಲು ಕೊಡದಿದ್ದರೆ ಜನ ಅವರ ಹತ್ತಿರ ದಾರ ಕಟ್ಟಿಸಿಕೊಳ್ಳಲು ಬರುತ್ತಿದ್ದರು. ಅಪ್ಪ ಕಟ್ಟಿ ಕಳಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಕೂತು ಅಮ್ಮನ ಮುಂದೆ ಅವರನ್ನೆಲ್ಲ ಅಣಕಿಸುತ್ತಿದ್ದೆ. ಫಿಸಿಯೋಥೆರಪಿ ಓದಿದ ಮೇಲಂತೂ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಮನುಷ್ಯನ ಮೈ ಅಂದರೆ ಮೂಳೆ, ಮಾಂಸ, ನರ, ಅಷ್ಟೇ. ಅದರಾಚೆ ಏನಾದರೂ ಇದ್ದರೆ ತಂದು ತೋರಿಸಿ ಎನ್ನುತ್ತಿದ್ದೆ.

ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನನ್ನ ಗಂಡನಿಗೆ ಹೇಳಿದಾಗ ಅವರು ಎಲ್ಲವನ್ನೂ ಕೇಳಿ, "ಆವತ್ತು ಊಟ ಮಾಡಿದ್ಯಾ?" ಎಂದರು. ಮಾಡಿದ್ದೆ. ಇಂಥವು ಸರಿರಾತ್ರಿಯಲ್ಲೇ ಆಗುತ್ತವೆ ಎನ್ನುತ್ತಾರೆ. ನನಗಾದದ್ದು ಹಾಡಹಗಲಲ್ಲಿ, ಫ್ಯಾನಿನ ಕೆಳಗೆ, ಹೊರಗೆ ಆಟೋದವರು ಗಿರಾಕಿಗಾಗಿ ಜಗಳವಾಡುತ್ತಿದ್ದಾಗ.

ಆಗ ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಹಿಂಬದಿಯ ಒಂದು ಕೋಣೆ ನನ್ನದು. ಮಂಡಿನೋವಿನ ಅಜ್ಜಿಯರನ್ನು ಬಿಟ್ಟರೆ ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕೆಲಸದ ಜಾಗದಲ್ಲಿ ಏಟು ತಿಂದವರೇ. ಶ್ರೀನಿವಾಸಪುರದ ಕಡೆ ಮಾವು ಕೀಳುವಾಗ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಕಲ್ಲು ಕ್ವಾರಿಯಲ್ಲಿ ಕಾಲು ಜಜ್ಜಿಹೋದವರು, ಮಾಲೂರಿನ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳಲ್ಲಿ ಬೆರಳೋ ಕೈಯೋ ಕಳೆದುಕೊಂಡವರು. ಹೊಲಿಗೆ ಬಿಚ್ಚಿದರೆ ಡಾಕ್ಟರ ಕೆಲಸ ಮುಗಿಯಿತು. ಆಮೇಲೆ ಲೋಟ ಹಿಡಿಯುವುದು, ಜಡೆ ಹಾಕಿಕೊಳ್ಳುವುದು, ಸೆರಗಿನಡಿ ಬಚ್ಚಿಟ್ಟ ಕೈಯನ್ನು ಹೊರಗೆ ತೆಗೆಯುವುದು, ಇದೆಲ್ಲ ನನ್ನ ಪಾಲಿಗೆ ಬರುತ್ತಿತ್ತು.

ರತ್ನಮ್ಮ ಟೇಕಲ್ ಹತ್ತಿರದ ಒಂದು ಹಳ್ಳಿಯವರು. ಹೆಂಚಿನ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದ ಗಟ್ಟಿ ಹೆಂಗಸು. ಗಂಡ ಮುನಿರಾಜು ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದ. ಆಕೆಗೆ ಬಲಗೈ ಮೊಣಕೈಯ ಕೆಳಗೆ ಇರಲಿಲ್ಲ. ಗಾಯ ಚೆನ್ನಾಗಿ ವಾಸಿಯಾಗಿತ್ತು. ನೋಯುತ್ತಿದ್ದದ್ದು ಇಲ್ಲದ ಆ ಕೈ.

ಇದರಲ್ಲಿ ವಿಚಿತ್ರವೇನೂ ಇಲ್ಲ, ಇದು ನಮ್ಮ ಪುಸ್ತಕದಲ್ಲೇ ಇದೆ. ಕೈ ಹೋದರೂ ಮೆದುಳಿಗೆ ಅದು ಹೋದದ್ದು ಗೊತ್ತಾಗುವುದಿಲ್ಲ. ಅದು ಇನ್ನೂ ಆ ಕೈಯನ್ನು ಹುಡುಕುತ್ತಿರುತ್ತದೆ, ನೋವನ್ನೂ ಕಳಿಸುತ್ತಿರುತ್ತದೆ. ರತ್ನಮ್ಮನಿಗೆ ಇದನ್ನೇ ವಿವರಿಸಿದೆ. ಆಕೆ ತಲೆಯಾಡಿಸಿ ಹೇಳಿದರು: "ಏನೋ ಬಿಗಿಯಾಗಿ ಹಿಡ್ಕೊಂಡಂಗೈತೆ ಮೇಡಂ. ಕೈಬೆಳ್ಳೆಲ್ಲಾ ಮುರಿದೋಗೋ ಅಷ್ಟು. ಬಿಚ್ಚಾನ ಅಂದ್ರೆ ಕೈಯೆಲ್ಲೈತೆ ಬಿಚ್ಚಕ್ಕೆ?" ಮನೆಯಲ್ಲಿ ರಾತ್ರಿಯೆಲ್ಲ ಗೋಡೆಗೆ ಆ ತೋಳು ಬಡಿದುಕೊಳ್ಳುತ್ತಾಳೆ ಎಂದು ಮುನಿರಾಜು ಹೇಳಿದ.

ಆ ಕೈ ಏನನ್ನು ಹಿಡಿದುಕೊಂಡಿದೆ ಎಂಬುದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಆಕೆ ಸ್ವಲ್ಪ ಸ್ವಲ್ಪವೇ ಹೇಳಿದರು.

ಸರೋಜ ಎಂಬಾಕೆ ಪಕ್ಕದ ಮನೆಯವಳು, ಒಟ್ಟಿಗೇ ಕೆಲಸಕ್ಕೆ ಸೇರಿದವಳು. ಇಬ್ಬರೂ ಮಣ್ಣು ಕಲಸುವ ಮಿಷನ್ನಿಗೆ ಮಣ್ಣು ಹಾಕುತ್ತಿದ್ದರು. ಮಿಷನ್ನಿನ ಪಕ್ಕದಲ್ಲಿ ದೊಡ್ಡ ಬೆಲ್ಟಿನ ಚಕ್ರ. ಅದಕ್ಕೆ ಕಬ್ಬಿಣದ ಜಾಲರಿಯ ಮುಚ್ಚಳ ಇತ್ತು. ಕೆಲಸದ ದಿನ ಹೆಂಗಸರೆಲ್ಲ ಸೀರೆಯ ಮೇಲೆ ಗಂಡಸರ ಹಳೇ ಅಂಗಿ ತೊಟ್ಟು ಸೆರಗನ್ನು ಅದರೊಳಗೆ ಸಿಕ್ಕಿಸುತ್ತಿದ್ದರು. ಹೀಗೆ ಎಲ್ಲವೂ ಸರಿಯಾಗಿಯೇ ಇತ್ತು. ಆಯುಧಪೂಜೆಗೆ ಮಾತ್ರ ಜಾಲರಿ ಬಿಚ್ಚಿ, ಚಕ್ರ ತೊಳೆದು, ಕುಂಕುಮ ಇಟ್ಟು, ಮೇಲಿನ ಕಂಬಿಗೆ ಚೆಂಡುಹೂವಿನ ಹಾರ ಹಾಕುತ್ತಿದ್ದರು. ಪೂಜೆ ಆದ ಚಕ್ರವನ್ನು ಹಾರ ತಾನಾಗಿ ಬಾಡಿ ಉದುರುವವರೆಗೆ ಮುಚ್ಚಬಾರದು, ಮುಚ್ಚಿದರೆ ದೇವರ ಮುಖಕ್ಕೆ ತಟ್ಟೆ ಹಿಡಿದಂತೆ ಎಂದು ಅಲ್ಲಿಯವರ ನಂಬಿಕೆ. ಮರುದಿನ ಮಿಷನ್ ಚಾಲೂ ಮಾಡುವಾಗ ಎಲ್ಲರೂ ಮಾಲೀಕರು ಕೊಟ್ಟ ಹೊಸ ಸೀರೆ ಉಟ್ಟು ಬರಬೇಕು. ಹೊಸ ಸೀರೆಯ ಮೇಲೆ ಯಾರು ಹಳೇ ಅಂಗಿ ತೊಡುತ್ತಾರೆ? ಯಾರೂ ತೊಡಲಿಲ್ಲ.

ಕೇಳಿ ನನಗೆ ಮೈಯೆಲ್ಲ ಉರಿಯಿತು. ಯಾರನ್ನು ಬೈಯುವುದು? ಮಾಲೀಕರು, ಮೇಸ್ತ್ರಿ, ಕೆಲಸದವರು ಎಲ್ಲರೂ ಕೈಮುಗಿದುಕೊಂಡೇ ಮಾಡಿದ ಕೆಲಸ ಅದು.

ಆ ವರ್ಷ ಪೂಜೆಯ ಮರುದಿನ ಸರೋಜಳ ಸೆರಗು ಬೆಲ್ಟಿಗೆ ಸಿಕ್ಕಿತು. ರತ್ನಮ್ಮ ಓಡಿಹೋಗಿ ಅವಳ ಮಣಿಕಟ್ಟು ಹಿಡಿದರು, ಅವಳೂ ಇವರ ಮಣಿಕಟ್ಟು ಹಿಡಿದಳು. ಯಾರೋ ಸ್ವಿಚ್ಚಿನ ಕಡೆ ಓಡಿದರು. ಮಿಷನ್ ನಿಲ್ಲುವಷ್ಟರಲ್ಲಿ ಸರೋಜ ಹೋಗಿದ್ದಳು, ರತ್ನಮ್ಮನ ಕೈಯೂ ಹೋಗಿತ್ತು.

"ನಾನು ಬಿಟ್ಬಿಟ್ಟೆ ಮೇಡಂ," ಎಂದರು ರತ್ನಮ್ಮ. "ಕೈ ಸಿಕ್ಕಾಕ್ಕೊಂಡಾಗ ಉರಿ ತಡೆಯಕ್ಕಾಗ್ದೆ ಬೆಳ್ಳು ಬಿಚ್ಬಿಟ್ಟೆ. ನಂಗೆ ಗೊತ್ತು. ಅವಳು ನನ್ನ ಮುಖ ನೋಡ್ತಾ ಇದ್ಲು."

ಪಕ್ಕದಲ್ಲಿದ್ದ ಮುನಿರಾಜು ಎಷ್ಟೋ ಸಲ ಹೇಳಿ ಸಾಕಾದವನಂತೆ, "ಕೈಯೇ ಹೋಯ್ತಲ್ಲೇ, ಇನ್ನ ನೀನು ಬಿಡೋದೇನು, ಹಿಡಿಯೋದೇನು?" ಎಂದ. ಆದರೆ ಅಂದು ಬಿಟ್ಟ ತಪ್ಪಿಗೆ ಆ ಕೈ ಈಗ ಬಿಡದೆ ಹಿಡಿದಿದೆ ಎಂದು ಆಕೆ ನಂಬಿದ್ದರು. ನನ್ನ ಕೆಲಸ ಅದನ್ನು ಬಿಚ್ಚಿಸುವುದು.

ಅದಕ್ಕೆ ಕನ್ನಡಿಯ ಒಂದು ಉಪಾಯವಿದೆ. ಮೇಜಿನ ಮೇಲೆ ಕನ್ನಡಿಯನ್ನು ನಿಲ್ಲಿಸಿ, ಇರುವ ಕೈಯನ್ನು ಅದರ ಮುಂದೆ, ಇಲ್ಲದ ಕೈಯ ತೋಳನ್ನು ಅದರ ಹಿಂದೆ ಇಡಿಸುತ್ತೇವೆ. ಕನ್ನಡಿಯಲ್ಲಿ ನೋಡಿದರೆ ಎರಡು ಕೈಯೂ ಇದ್ದಂತೆ ಕಾಣುತ್ತದೆ. ಇರುವ ಕೈಯ ಮುಷ್ಟಿ ಬಿಚ್ಚಿದರೆ ಇಲ್ಲದ ಕೈಯ ಮುಷ್ಟಿಯೂ ಬಿಚ್ಚಿತು ಎಂದು ಮೆದುಳು ಮೋಸಹೋಗುತ್ತದೆ. ಎಷ್ಟೋ ಜನರಿಗೆ ಇದರಿಂದ ನೋವು ಇಳಿದದ್ದನ್ನು ನಾನೇ ನೋಡಿದ್ದೆ. ರತ್ನಮ್ಮನಿಗೆ ಮಾತ್ರ ಇಳಿಯಲಿಲ್ಲ. "ಅದು ಯಾರ್ದೋ ಕೈ ಮೇಡಂ, ನಂದಲ್ಲ," ಎಂದು ಮುಖ ತಿರುಗಿಸುತ್ತಿದ್ದರು.

ಆ ಮಧ್ಯಾಹ್ನ ಮುನಿರಾಜು ಟೀ ಕುಡಿಯಲು ಹೋಗಿದ್ದ. ಕೋಣೆಯಲ್ಲಿ ನಾವಿಬ್ಬರೇ. ರತ್ನಮ್ಮನ ತೋಳು ಮೇಜಿನಿಂದ ಜಾರುತ್ತಿತ್ತೆಂದು ನಾನು ಕನ್ನಡಿಯ ಹಿಂದೆ ಕೈ ಚಾಚಿ, ಆ ತೋಳಿನ ತುದಿಗೆ ಒತ್ತಾಗಿ ಇಟ್ಟುಕೊಂಡೆ. ಅಂದರೆ ಅವರ ಇಲ್ಲದ ಕೈ ಎಲ್ಲಿರಬೇಕಿತ್ತೋ ಅಲ್ಲಿ ನನ್ನ ಕೈ ಇತ್ತು. "ನಿಧಾನವಾಗಿ ಬಿಚ್ಚಿ," ಎಂದೆ. ಅವರು ಕನ್ನಡಿಯನ್ನೇ ನೋಡುತ್ತ ಎಡಗೈಯ ಮುಷ್ಟಿಯನ್ನು ಸಡಿಲಿಸತೊಡಗಿದರು.

ಯಾರೋ ನನ್ನ ಮಣಿಕಟ್ಟನ್ನು ಹಿಡಿದರು.

ಇದನ್ನು ಬೇರೆ ಹೇಗೂ ಹೇಳಲು ನನಗೆ ಬರುವುದಿಲ್ಲ. ಜುಮ್ಮೆನ್ನುವುದಲ್ಲ, ಮರಗಟ್ಟುವುದಲ್ಲ, ದಿನವಿಡೀ ಜನರ ಕೈ ಹಿಡಿದೇ ಬದುಕುವ ನನಗೆ ಅವುಗಳ ವ್ಯತ್ಯಾಸ ಗೊತ್ತು. ಬೆಚ್ಚಗಿನ, ಒರಟಾದ, ಸ್ವಲ್ಪ ಒದ್ದೆಯಾದ ಒಂದು ಕೈ. ನೋಡಿದರೆ ಅಲ್ಲಿ ನನ್ನ ಕೈ ಬಿಟ್ಟು ಏನೂ ಇಲ್ಲ. ಬಿಗಿಯಾಗಿ ಹಿಡಿದಿತ್ತು, ನೋವಾಗುವಷ್ಟು. ಹೆದರಿದೆ ನಿಜ, ಆದರೂ ಹಾಳು ಅಭ್ಯಾಸ, ಮನಸ್ಸು ಆ ಹಿಡಿತವನ್ನು ಪರೀಕ್ಷೆ ಮಾಡುತ್ತಿತ್ತು. ಹೆಬ್ಬೆರಳು ಒಳ್ಳೇ ಬಲವಾಗಿದೆ. ಮೂರು ಬೆರಳು ಸುತ್ತಿಕೊಂಡಿವೆ. ಕಿರುಬೆರಳು ಮಡಚಿಲ್ಲ, ಅದು ನೆಟ್ಟಗೆ ನಿಂತು ಅದರ ಬುಡ ಮಾತ್ರ ನನಗೆ ಒತ್ತುತ್ತಿದೆ.

ಆಮೇಲೆ ಅದು ಬಿಟ್ಟಿತು. ಜಾರಲಿಲ್ಲ, ಯಾರೂ ಕಿತ್ತುಕೊಂಡದ್ದೂ ಅಲ್ಲ. ಮಲಗಿದ ಮಗುವಿನ ಕೆಳಗಿನಿಂದ ಕೈ ತೆಗೆಯುತ್ತೇವಲ್ಲ, ಹಾಗೆ ಒಂದೊಂದೇ ಬೆರಳನ್ನು ತೆಗೆದುಕೊಂಡಿತು.

ಅದೇ ಕ್ಷಣಕ್ಕೆ ರತ್ನಮ್ಮ, "ಬಿಟ್ಟೋಯ್ತು," ಎಂದರು. ನೋವು ನಿಂತುಹೋಗಿತ್ತು. ನಾನು ಏನಾದರೂ ಹೇಳುವ ಮೊದಲೇ ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದರು. "ಇನ್ನೊಂದ್ ಸಲ ಬಿಟ್ಬಿಟ್ಟೆ," ಎಂದು ಅದೊಂದೇ ಮಾತು. ಮುನಿರಾಜು ಬಂದು ಎಬ್ಬಿಸಿ ಕರೆದುಕೊಂಡು ಹೋಗುವವರೆಗೂ ಅದನ್ನೇ ಹೇಳುತ್ತಿದ್ದರು.

ನನ್ನ ಮಣಿಕಟ್ಟಿನ ಮೇಲೆ ಗುರುತೇನೂ ಇರಲಿಲ್ಲ. ಮೇಜಿನ ಅಂಚಿಗೆ ನರ ಒತ್ತಿರಬೇಕು, ಆಕೆಯ ಕಥೆ ಕೇಳಿ ಕೇಳಿ ನನ್ನ ಮನಸ್ಸೂ ಸೋತಿರಬೇಕು ಎಂದುಕೊಂಡೆ. ಮನೆಗೆ ಹೋಗಿ ಬಟ್ಟೆ ಒಗೆದೆ, ಅನ್ನ ಮಾಡಿದೆ. ಅಂದು ಯಾರಿಗೂ ಹೇಳಲಿಲ್ಲ.

ರತ್ನಮ್ಮ ಮತ್ತೆ ಬರಲಿಲ್ಲ. ಕೊನೆಗೆ ನಾನೇ ಫೋನ್ ಮಾಡಿದಾಗ ಮುನಿರಾಜು, "ನೋವು ಚೂರೂ ಇಲ್ಲ ಮೇಡಂ. ಆದ್ರೆ ಊಟ ಬಿಟ್ಟವ್ಳೆ, ಮಾತು ಬಿಟ್ಟವ್ಳೆ. ನೋವೇ ಇದ್ದಿದ್ರೆ ವಾಸಿ ಆಗಿತ್ತು," ಎಂದ. ಅವನ ದನಿ ಕೇಳಿ ನನಗೆ ಕೂರಲಾಗಲಿಲ್ಲ. ಭಾನುವಾರ ಅವರ ಹಳ್ಳಿಯ ಬಸ್ಸು ಹತ್ತಿದೆ.

ರತ್ನಮ್ಮ ಗೋಡೆಗೆ ಒರಗಿ ಕೂತಿದ್ದರು. ಅರ್ಧ ಆಳಾಗಿದ್ದರು. ಅವರ ಮುಂದೆ ಒಬ್ಬ ವಯಸ್ಸಾದ ಹೆಂಗಸು ತಟ್ಟೆ ಹಿಡಿದು ಮುದ್ದೆಯ ತುತ್ತು ಮಾಡಿ ಬಾಯಿಗೆ ಇಡಲು ನೋಡುತ್ತಿದ್ದರು. ಯಾರೆಂದು ಕೇಳಿದೆ. ಸರೋಜಳ ತಾಯಿ ಗಂಗಮ್ಮ. ಮಗಳನ್ನು ಕಳೆದುಕೊಂಡವರು ಬಂದು ಇವರಿಗೆ ಉಣ್ಣಿಸುತ್ತಿದ್ದರು.

ಗಂಗಮ್ಮ ನನ್ನನ್ನು ಕೂರಿಸಿ ಮಗಳ ಮಾತೇ ಆಡಿದರು, ಅರ್ಧ ಕನ್ನಡ, ಅರ್ಧ ತೆಲುಗು. "ನಮ್ ಸರೋಜಂದೂ ಹಿಂಗೇ, ಚಿಕ್ಕೋಳಿದ್ದಾಗ ತುತ್ತು ಬಾಯಿಗಿಟ್ರೇನೇ ತಿನ್ನೋಳು. ಅವಳು ಮುದ್ದೆ ಮುರಿಯೋವಾಗ ಅವಳ ಬೆಳ್ಳು ನೋಡಿ ಈ ರತ್ನಮ್ಮ ಅಣಕಿಸೋಳು ನೋಡಮ್ಮ. ಕೆಲಸಕ್ಕೆ ಸೇರಿದ ಹೊಸದ್ರಾಗೆ ಹೆಂಚಿನ ಪ್ರೆಸ್ಸಿಗೆ ಸಿಕ್ಕಿ ಕಿರುಬೆಳ್ಳು ನಜ್ಜಾಗಿತ್ತು. ಬಟ್ಟೆ ಸುತ್ತಿ ಕಳಿಸಿದ್ರು. ಆವತ್ತಿಂದ ಅದು ಮಡಚ್ತಾನೇ ಇರ್ಲಿಲ್ಲ, ಅದೊಂದೇ ನೆಟ್ಟಗೆ ನಿಂತಿರೋದು."

ನಾನು ನನ್ನ ಮಣಿಕಟ್ಟನ್ನು ನೋಡಿಕೊಂಡೆ. ರತ್ನಮ್ಮ ಆ ಬೆರಳಿನ ವಿಷಯ ನನಗೆ ಯಾವತ್ತೂ ಹೇಳಿರಲಿಲ್ಲ. ಮುನಿರಾಜು ಹೇಳಿರಲಿಲ್ಲ. ಎಲ್ಲೋ ಕೇಳಿ ಮರೆತಿದ್ದೆನೇ ಎಂದು ಆಮೇಲೆ ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ.

ಹೇಳಬೇಕೋ ಬೇಡವೋ? ರೋಗಿಗಳಿಗೆ ನಾನು ಸುಳ್ಳು ಸಮಾಧಾನ ಹೇಳುವವಳಲ್ಲ. ಇದು ಸುಳ್ಳಲ್ಲ, ನಿಜವೆನ್ನಲೂ ನನ್ನ ಹತ್ತಿರ ಏನೂ ಇಲ್ಲ. ಆದರೆ ಎದುರಿಗೆ ಕೂತವರು ತಾನು ಕೈಬಿಟ್ಟೆ ಎಂದು ಸಾಯಲು ಹೊರಟಿದ್ದರು. ಹೇಳಿಬಿಟ್ಟೆ. ಕನ್ನಡಿಯ ಹಿಂದೆ ನನ್ನ ಕೈಯನ್ನು ಒಬ್ಬರು ಹಿಡಿದದ್ದು, ಆ ಹಿಡಿತದಲ್ಲಿ ಕಿರುಬೆರಳು ಮಡಚದೆ ಇದ್ದದ್ದು, ಒಂದೊಂದೇ ಬೆರಳು ತೆಗೆದುಕೊಂಡದ್ದು, ಎಲ್ಲವನ್ನೂ. "ಬಿಟ್ಟಿದ್ದು ನೀವಲ್ಲ ರತ್ನಮ್ಮ," ಎಂದೆ. "ಅವಳು ಬಿಟ್ಟಳು. ನಿಮ್ಮನ್ನ ಬಿಟ್ಟು ಕಳಿಸಿದ್ಲು."

ರತ್ನಮ್ಮ ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ಕೂತರು. ಆಮೇಲೆ, "ಬೆಚ್ಚಗಿತ್ತಾ ಮೇಡಂ?" ಎಂದರು. ಬೆಚ್ಚಗಿತ್ತು ಎಂದೆ. ಗಂಗಮ್ಮನ ಕೈಯಲ್ಲಿದ್ದ ತುತ್ತಿಗೆ ಅವರು ಬಾಯಿ ತೆರೆದರು.

ಈಗ ರತ್ನಮ್ಮ ಅದೇ ಕಾರ್ಖಾನೆಗೆ ಹೋಗುತ್ತಾರೆ. ಜಾಲರಿಯನ್ನು ಈಗ ಬಿಚ್ಚುವುದಿಲ್ಲ, ಕುಂಕುಮವನ್ನು ಅದಕ್ಕೇ ಹಚ್ಚುತ್ತಾರಂತೆ. ಆಯುಧಪೂಜೆಯ ಮರುದಿನ ಆಕೆ ಬಾಗಿಲಲ್ಲೇ ನಿಂತು, ಹೊಸ ಸೀರೆಯ ಮೇಲೆ ಅಂಗಿ ತೊಡದ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ. ಒಬ್ಬ ಮೇಸ್ತ್ರಿ ತಕರಾರು ಮಾಡಿದ್ದಕ್ಕೆ ಬಲತೋಳನ್ನು ಅವನ ಮುಖದ ಮುಂದೆ ಹಿಡಿದರಂತೆ. ಕೇಳಿ ಖುಷಿಪಟ್ಟೆ. ಆದರೂ ನನಗಾದದ್ದೇನೆಂದು ಇವತ್ತಿಗೂ ಗೊತ್ತಿಲ್ಲ. ನರವೋ, ಮನಸ್ಸೋ, ಇನ್ನೇನೋ. ಅಪ್ಪ ಬದುಕಿದ್ದಿದ್ದರೆ ಅವರನ್ನು ಕೇಳುತ್ತಿದ್ದೆ. ಕೇಳಲು ನಾಚಿಕೆಯಾಗುತ್ತಿತ್ತು, ಆದರೂ ಕೇಳುತ್ತಿದ್ದೆ.

ಆ ಭಾನುವಾರ ನಾನು ಬಸ್ಸಿಗೆ ಹೊರಟು ಎದ್ದಾಗ ಗಂಗಮ್ಮ ತಟ್ಟೆ ಕೆಳಗಿಟ್ಟು, ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು ನನ್ನ ಹತ್ತಿರ ಬಂದರು.

"ನಾ ಕೂತುರು ಪಟ್ಟುಕೊನಿಂದಿ ಈ ಚೆಯ್ಯೇನಾ ಅಮ್ಮಾ?" ಎಂದರು. ನನ್ನ ಮಗಳು ಹಿಡಿದದ್ದು ಈ ಕೈಯೇನಾ ಎಂದು.

ಹೌದು ಎಂದೆ. ಆಕೆ ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ಕೆನ್ನೆಗೆ ಒತ್ತಿಕೊಂಡರು. ರಸ್ತೆಯಲ್ಲಿ ಬಸ್ಸು ಬಂದು ನಿಂತಿತು, ಹಾರ್ನ್ ಹೊಡೆಯಿತು, ಹೋಯಿತು. ನಾನು ಕೈ ತೆಗೆದುಕೊಳ್ಳಲಿಲ್ಲ.