ಕ್ಲಚ್ ಹುಡುಕುವ ಎಡಗಾಲು

ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಬಸ್ ಡ್ರೈವರಾಗಿರುವ ನಮ್ಮ ಸೋದರಮಾವ ಹೊಸ ಕರೆಂಟ್ ಬಸ್ ಓಡಿಸುವ ಪರೀಕ್ಷೆಯಲ್ಲಿ ಫೇಲಾದ ವಾರವೇ ಚಾಮರಾಜಪೇಟೆಯಲ್ಲಿ ನಂಟರ ಮನೆಯ ನಾಮಕರಣವಿತ್ತು. ಅಲ್ಲಿ ಎಲೆ ಮುಂದೆ ಕೂತಿದ್ದ ಇಡೀ ಪಂಕ್ತಿಯ ಎದುರು ನಿಂತು, ಮಾವ ಹೇಗೆ ಫೇಲಾದರು ಅಂತ ಮಾಡಿ ತೋರಿಸಿದ ಮಹಾನುಭಾವ ನಾನೇ. ಪಾಯಸದ ಬಕೆಟ್ ಹಿಡಿದವರು ಬಡಿಸುವುದು ಬಿಟ್ಟು ಗೋಡೆಗೊರಗಿ ನಕ್ಕರು. ಮಾವ ಮಾತ್ರ ನಗಲಿಲ್ಲ. ಮಜ್ಜಿಗೆಗೂ ಕಾಯದೆ ಎಲೆ ಮಡಿಚಿ ಎದ್ದರು.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಶರ್ಟು. ಇವತ್ತು ಬೆಳಿಗ್ಗೆ ಶ್ರೀರಾಂಪುರದ ಮಾವನ ಮನೆಗೆ ಹೋಗಿದ್ದೆ. ತಂತಿಯ ಮೇಲೆ ಅವರ ಖಾಕಿ ಶರ್ಟು ಒಣಗುತ್ತಿತ್ತು. ಚಿಕ್ಕಂದಿನ ಅಭ್ಯಾಸ, ಮೂಗಿಟ್ಟೆ. ಬರೀ ಸೋಪಿನ ವಾಸನೆ. ನನಗೆ ಮಾವ ಅಂದರೆ ಮೊದಲಿಂದಲೂ ಡೀಸೆಲ್ ವಾಸನೆ. ಅವರು ಬೀದಿ ತಿರುವಿಗೆ ಬಂದಾಗಲೇ ಒಳಗೆ ಕೂತವರಿಗೆ ಗೊತ್ತಾಗುತ್ತಿತ್ತು. ಅತ್ತೆ ವರ್ಷಾನುಗಟ್ಟಲೆ ಆ ವಾಸನೆಯ ಜೊತೆ ಜಗಳವಾಡಿದ್ದಾರೆ. "ಉಜ್ಜಿ ಉಜ್ಜಿ ಬಟ್ಟೆ ಸವೀತೇ ಹೊರತು ವಾಸನೆ ಜಗ್ಗಲಿಲ್ಲ" ಅನ್ನುತ್ತಿದ್ದರು. ಈಗ ಅವರೇ ಹೊರಗೆ ಬಂದು, ಶರ್ಟಿನೊಳಗೆ ಮುಖ ಹುದುಗಿಸಿದ್ದ ನನ್ನನ್ನು ನೋಡಿ, "ಏನೋ ಅದು, ನಿನಗೆ ಕಾಫಿ ಬೇಡ್ವಾ, ಶರ್ಟೇ ಸಾಕಾ?" ಅಂದರು.

ನನ್ನ ಕಸುಬನ್ನೂ ತಿಳಿಸಿಬಿಡಬೇಕು. ಕಸುಬು ಅಂದರೆ ಸಂಬಳ ತರುವಂಥದ್ದಲ್ಲ, ಬೈಗುಳ ತರುವಂಥದ್ದು. ನಾನು ಅಣಕಿಸುತ್ತೇನೆ. ಸೊಪ್ಪಿನವಳ ಕೂಗು, ಫೋನಿನಲ್ಲಿ ಮೇಲಧಿಕಾರಿಯ ಜೊತೆ ಮಾತಾಡುವಾಗ ಮಾತ್ರ ಸಣ್ಣಗಾಗುವ ನಮ್ಮಪ್ಪನ ದನಿ, ಹೆಣ್ಣು ನೋಡಲು ಹೋಗಿ ತೊದಲಿದ ನನ್ನದೇ ದನಿ, ಯಾವುದನ್ನೂ ಬಿಟ್ಟಿಲ್ಲ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಒಂದೇ ಐಟಂ: ಬಸವನಗುಡಿಯ ಬ್ಯೂಗಲ್ ರಾಕ್ ಪಕ್ಕದ ಏರು ಹತ್ತುವ ಹಳೇ ಬಸ್ಸು. ಮೂರನೇ ಗೇರಿನಲ್ಲಿ ಗುರುಗುಟ್ಟಿ, ಕ್ಷಣ ಉಸಿರು ಬಿಟ್ಟು, ಎರಡನೇ ಗೇರಿಗೆ ಬಿದ್ದು ಮುಲುಕುತ್ತಾ ಏರುತ್ತದಲ್ಲ, ಅದು. ಆ ಸದ್ದು ಕಲಿತದ್ದು ಮಾವನ ಬಸ್ಸಿನಲ್ಲೇ, ಅವರ ಸೀಟಿನ ಹಿಂದೆ ಕೂತು.

ಇನ್ನು ಫೇಲಾದ ವಿಷಯ. ಡಿಪೋಗೆ ಕರೆಂಟ್ ಬಸ್ಸುಗಳು ಬಂದವು. ಹಳೇ ಬಸ್ಸುಗಳನ್ನು ಒಂದೊಂದಾಗಿ ತೆಗೀತಾರೆ, ಹೊಸದನ್ನು ಓಡಿಸಲು ಬರುವವರು ಮಾತ್ರ ಸ್ಟೀರಿಂಗ್ ಮೇಲೆ ಉಳೀತಾರೆ ಅಂತಾಯಿತು. ಹೊಸ ಬಸ್ಸಿಗೆ ಕ್ಲಚ್ ಇಲ್ಲ, ಗೇರ್ ಇಲ್ಲ. ಎರಡೇ ಪೆಡಲ್ಲು, ಎರಡಕ್ಕೂ ಬಲಗಾಲೇ. ಎಡಗಾಲಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದವರು ಏನು ಮಾಡುತ್ತಾರೆ ಅಂತ ನನ್ನನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಪರೀಕ್ಷೆಯ ದಿನ ಮಾವ ಚೆನ್ನಾಗೇ ಓಡಿಸುತ್ತಿದ್ದರಂತೆ. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಡೀಸೆಲ್ ಬಸ್ಸು ಬಂದು ಗೇರ್ ಬದಲಾಯಿಸಿತು. ಆ ಬಸ್ಸಿನ ಸದ್ದಿಗೆ ಈ ಬಸ್ಸಿನಲ್ಲಿದ್ದ ಮಾವನ ಎಡಗಾಲು ಎದ್ದು, ಕ್ಲಚ್ ಅಂದುಕೊಂಡು ಬ್ರೇಕನ್ನು ಪೂರ್ತಿ ಒತ್ತಿಬಿಟ್ಟಿತು. ತರಬೇತಿಯವರು ಮುಂದಿನ ಗಾಜಿಗೆ ನಮಸ್ಕಾರ ಮಾಡಿದರು. "ಇನ್ನೊಂದು ಸಲ ನೋಡ್ತೀವಿ ಅಣ್ಣಾ. ಆಗಲೂ ಆ ಕಾಲು ಹಿಂಗೇ ಆಡಿದ್ರೆ ನಿಮ್ಮನ್ನ ರೋಡಿಗೆ ಬಿಡಕ್ಕಾಗಲ್ಲ, ಶೆಡ್ ಕೆಲಸವೇ" ಅಂದರಂತೆ.

ನಾನು ನಾಮಕರಣದಲ್ಲಿ ಮಾಡಿದ್ದು ಇದನ್ನೇ. ಎಡಗಾಲೂ ನಾನೇ, ಗಾಜಿಗೆ ಬಿದ್ದವರೂ ನಾನೇ.

ಮರುದಿನ ಬೆಳಿಗ್ಗೆ ಮಾವ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಬೈಗುಳಕ್ಕೆ ತಯಾರಾಗಿ ಕಿವಿ ಮುಚ್ಚಿಕೊಂಡೇ ಹೋದೆ.

"ಆ ಗೇರ್ ಸದ್ದು ನಿಜವಾಗ್ಲೂ ಚೆನ್ನಾಗಿ ಮಾಡ್ತೀಯ" ಅಂದರು. "ನಿನ್ನೆ ನೀನು ಮಾಡ್ದಾಗ ಟೇಬಲ್ ಕೆಳಗೆ ನನ್ನ ಕಾಲು ಎದ್ದಿತ್ತು ಕಣೋ. ಅದಕ್ಕೇ ಎದ್ದು ಬಂದೆ."

ನಾನು ಕಿವಿಯಿಂದ ಕೈ ತೆಗೆದೆ.

"ಊರಲ್ಲಿರೋ ಹಳೇ ಬಸ್ಸೆಲ್ಲಾ ನಾಳೆ ಬೆಳಿಗ್ಗೆನೇ ಮಾಯ ಆಗಲ್ಲ. ಪಕ್ಕದಲ್ಲಿ ಗುರ್ ಅಂತಲೇ ಇರ್ತವೆ. ನನ್ನ ಕಾಲು ಕಿವುಡಾಗ್ಬೇಕು. ಬಾ, ಕೂಗು. ಅದು ಅಲ್ಲಾಡೋದು ನಿಲ್ಲಿಸೋ ತನಕ ಕೂಗು."

"ಬಿಡಿ ಮಾವ, ಶೆಡ್ಡಲ್ಲಿ ನೆರಳಾದ್ರೂ ಇರುತ್ತೆ" ಅಂದೆ, ಸಮಾಧಾನ ಮಾಡುವವನ ಹಾಗೆ.

"ನೆರಳಲ್ಲಿ ನಿಲ್ಸೋಕೆ ನಾನೇನು ಸೈಕಲ್ಲಾ? ನಡಿಯೋ."

ಅವತ್ತಿಂದ ಅವರ ನಡುಮನೆ ಡಿಪೋ ಆಯಿತು. ಮಾವ ಮರದ ಕುರ್ಚಿಯಲ್ಲಿ, ಕೈಯಲ್ಲಿ ಸ್ಟೀರಿಂಗ್ ಬದಲು ಹರಿವಾಣ. ಕಾಲಡಿ ಬಲಕ್ಕೆ ಹವಾಯಿ ಚಪ್ಪಲಿ, ಅದು ಆಕ್ಸಿಲರೇಟರು. ಅದರ ಪಕ್ಕ ಇಟ್ಟಿಗೆ, ಅದು ಬ್ರೇಕು. ಬ್ರೇಕಿಗೆ ಚಪಾತಿ ಮಣೆ ಇಡೋಣ ಅಂತ ಮಾವ ಕೇಳಿ ನೋಡಿದ್ದರು. ಅತ್ತೆ ನೋಡಿದ ನೋಟಕ್ಕೆ ಇಟ್ಟಿಗೆ ಬಂತು. ಹಿಂದೆ ಸ್ಟೂಲಿನ ಮೇಲೆ ನಾನು, ಸಮಸ್ತ ಡೀಸೆಲ್ ಬಸ್ಸುಗಳ ಪರವಾಗಿ. ಪಕ್ಕದಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತಾ ಪ್ಯಾಸೆಂಜರ್. ಎಡಗಾಲು ಮೇಲೆದ್ದರೆ ಸಾಕು, ಒಂದು ಅವರೆಕಾಯಿ ಬಂದು ಪಾದಕ್ಕೆ ಬಡಿಯುತ್ತಿತ್ತು.

"ರೀ, ನನ್ನ ಮಾರ್ಕೆಟ್ಟಲ್ಲಿ ಇಳಿಸಿ ಅಂದ್ರೆ ಗೋಡೆಗೆ ಗುದ್ದಿಸ್ತೀರಲ್ರೀ!"

"ಸುಮ್ನೆ ಕೂತ್ಕೊಳೇ. ಡ್ರೈವರ್ ಜೊತೆ ಮಾತಾಡಬಾರದು ಅಂತ ಬರೆದಿರೋದು ಕಾಣಲ್ವಾ?"

ಮೊದಮೊದಲು ಕಾಲಿನ ಸುತ್ತ ಅವರೆಕಾಯಿಯ ರಾಶಿ. ನನಗೆ ಗಂಟಲು ಕಟ್ಟಿತು, ಮಾವ ಬಿಸಿನೀರು ಕುಡಿಸಿ ಮತ್ತೆ ಕೂಗಿಸಿದರು. ಯಾಕೆ ಮಾವ, ಆ ಕಾಲಿಗೆ ಅಷ್ಟು ಹಟ ಅಂತ ಒಮ್ಮೆ ಕೇಳಿದೆ. "ಹಟ ಅಲ್ಲ, ಭಯ" ಅಂದರು. "ಗೇರ್ ಬದಲಾಗೋವಾಗ ಸದ್ದು ಒಂದು ಕ್ಷಣ ನಿಲ್ಲುತ್ತಲ್ಲ, ಗಾಡಿ ಆಫ್ ಆಗ್ತಿದೆ ಅಂತ ಅದರ ಲೆಕ್ಕ. ಏರಲ್ಲಿ ಆಫ್ ಆದ್ರೆ ಹಿಂದಕ್ಕೆ ಜಾರುತ್ತೆ, ಒಳಗೆ ಜನ ಇರ್ತಾರೆ. ಪಾಪ, ಅದು ಕಾಪಾಡೋಕೆ ಅಂತಲೇ ಏಳೋದು." ಆ ಮಾತು ಕೇಳಿದ ಮೇಲೆ ನಾನು ಆ ಕಾಲನ್ನು ಯಾವ ಪಂಕ್ತಿಯಲ್ಲೂ ಅಣಕಿಸಿಲ್ಲ.

ಒಂದು ಸಂಜೆ ನಾನು ಏರು ಹತ್ತಿದೆ, ಗೇರ್ ಬದಲಾಯಿಸಿದೆ, ಮುಲುಕಿದೆ, ಕೆಮ್ಮಿದೆ. ಕಾಲು ಅಲುಗಲಿಲ್ಲ. ಅತ್ತೆ ಎಸೆಯಲೆಂದು ಎತ್ತಿದ್ದ ಅವರೆಕಾಯಿಯನ್ನು ಬಿಡಿಸಿ ಪಾತ್ರೆಗೆ ಹಾಕಿದರು. ಎರಡನೇ ಪರೀಕ್ಷೆ ಮುಗಿಸಿ ಬಂದ ಮಾವ ನೇರವಾಗಿ ಕುರ್ಚಿ ಮುಂದಿನ ಇಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಹಿತ್ತಲಲ್ಲಿಟ್ಟರು. ನಮಗೆ ಅಷ್ಟು ಸಾಕಾಯಿತು.

ಇವತ್ತು ಶರ್ಟಿನ ವಾಸನೆ, ಅಲ್ಲ, ಇಲ್ಲದ ವಾಸನೆ ಹಿಡಿದುಕೊಂಡು ಮಲ್ಲೇಶ್ವರಕ್ಕೆ ಹೋಗಿ ಅವರ ಬಸ್ಸನ್ನೇ ಹತ್ತಿದೆ. ಅದೇ ಜಾಗ, ಸೀಟಿನ ಹಿಂದೆ. ಬಾಯಿ ಬಿಗಿ ಹಿಡಿಯಬೇಕು ಅಂತ ನನಗೆ ನಾನೇ ಆಣೆ ಹಾಕಿಕೊಂಡಿದ್ದೆ. ಮೆಜೆಸ್ಟಿಕ್ ದಾಟಿತು, ಚಾಮರಾಜಪೇಟೆ ದಾಟಿತು. ಹಿಂದಿನ ಸೀಟಿನಲ್ಲಿ ಯಾರೋ ಸೊಸೆಯ ದೂರು ಹೇಳುತ್ತಿದ್ದರೆ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ಹಳೇ ಬಸ್ಸಿನಲ್ಲಿ ಆ ಸುಖ ಇರಲಿಲ್ಲ. ಬ್ಯೂಗಲ್ ರಾಕ್ ಪಕ್ಕದ ಏರು ಬಂತು. ಬಸ್ಸು ಸುಮ್ಮನೆ, ನೀರಿನ ಹಾಗೆ, ಮೇಲಕ್ಕೆ ಹೊರಟಿತು. ಆ ನಿಶ್ಶಬ್ದಕ್ಕೆ ನನಗೆ ಏನಾಯಿತೋ, ನನ್ನನ್ನು ಕೇಳದೆಯೇ ಗಂಟಲು ಎದ್ದುನಿಂತಿತು: ಗುರ್ರ್ರ್, ಉಸ್ಸ್, ಗುರ್ರ್ರ್.

ಪಕ್ಕದಲ್ಲಿ ಕೂತಿದ್ದ, ಗಾಂಧಿಬಜಾರಿಗೆ ಹೂವಿನ ಬುಟ್ಟಿ ಹೊತ್ತು ಹೊರಟಿದ್ದ ಹೆಂಗಸೊಬ್ಬರು ಗಾಬರಿಯಾಗಿ, "ಹೊಟ್ಟೆ ನೋವೇನಪ್ಪಾ?" ಅಂದರು.

ನಾನು ಬಗ್ಗಿ ನೋಡಿದೆ. ಮಾವನ ಎಡಗಾಲು ತನ್ನ ಪಾಡಿಗೆ ತಾನು ಮಲಗಿತ್ತು. ಬಸ್ಸು ಒಂದಿಷ್ಟೂ ಜಗ್ಗದೆ ಏರು ಮುಗಿಸಿ ಸ್ಟಾಪಿನಲ್ಲಿ ನಿಂತಿತು. ಬಾಗಿಲು ತೆರೆಯಿತು. ಮಾವ ತಿರುಗಲಿಲ್ಲ, ಕನ್ನಡಿಯಲ್ಲೇ ನನ್ನನ್ನು ನೋಡಿ ಅಂದರು:

"ನನ್ನ ಕಾಲು ಪಾಸಾಯ್ತು ಕಣೋ, ನಿನ್ನ ಗಂಟಲು ಇನ್ನೂ ಡೀಸೆಲಲ್ಲೇ ಓಡ್ತಿದೆ. ಸಂಜೆ ಮನೆಗೆ ಬಾ. ಕುರ್ಚಿ ಮೇಲೆ ನೀನು ಕೂತ್ಕೋ, ಅವರೆಕಾಯಿ ನಾನು ಎಸೀತೀನಿ."