ಶುದ್ಧ ನೀರಿನ ಜಾಡಿಗಳು

ಅಮೆರಿಕದ ಬೆಲ್ವ್ಯೂನಲ್ಲಿ ನಮ್ಮ ಬಸ್ ಸ್ಟಾಪಿನ ಮುಂದೆ ಮೊನ್ನೆ ರಸ್ತೆಗೆ ಟಾರು ಹಾಕುತ್ತಿದ್ದರು. ಆ ವಾಸನೆಗೆ ಅವರು ನೆನಪಾದರು, ಇಲ್ಲೇ ಹತ್ತಿರದ ಕ್ಯಾನ್ಯನ್ ಪಾರ್ಕಿನ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು. ಮೈಸೂರಿನವರು. ಎಲ್ಲರಿಗೂ ಡಾಕ್ಟರ್, ನನಗೆ ಅಕ್ಕ. ಮುಖ ಸರಿಯಾಗಿ ಬರುತ್ತಿಲ್ಲ... ಕನ್ನಡಕದ ದಾರ ಮಾತ್ರ ಕಾಣುತ್ತದೆ. ಅದೂ ಬೇರೆ ಯಾರದೋ ಇರಬಹುದು.

೨೦೧೨ ಇರಬೇಕು. ಕೆನಡಾದಲ್ಲಿ ಮರಳಿನಿಂದ ಎಣ್ಣೆ ತೆಗೆದ ಮೇಲೆ ಉಳಿದ, ಟಾರು ನಾರುವ ನೀರು ಡಬ್ಬಗಳಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಗಣಿಯ ಗುಂಡಿಗೆ ಅದನ್ನೇ ತುಂಬಿಸಿ ಕೆರೆ ಮಾಡುವುದು ಕಂಪನಿಯ ಯೋಜನೆ. ಆ ಕೆರೆಯಲ್ಲಿ ಜೀವ ಉಳಿದೀತೇ ಎಂದು ನಾವು ಹೇಳಬೇಕು. ಎಳ್ಳಿನ ಗಾತ್ರದ ಡ್ಯಾಫ್ನಿಯಾ ಎಂಬ ನೀರಿನ ಜೀವಿಗಳನ್ನು ಅದರಲ್ಲಿ ಬಿಟ್ಟು ನೋಡುತ್ತಿದ್ದೆವು. ಎರಡು ದಿನದ ಪರೀಕ್ಷೆಯಲ್ಲಿ ಎಲ್ಲವೂ ಬದುಕಿದ್ದವು. ಮ್ಯಾನೇಜರಿಗೆ ಅಷ್ಟು ಸಾಕಿತ್ತು. ಅಕ್ಕನಿಗೆ ಸಾಲದು.

“ಎರಡು ದಿನ ಯಾರ ಮನೇಲಾದ್ರೂ ಇರಬಹುದು ಕಣೇ. ಸಂಸಾರ ಮಾಡೋಕಾಗುತ್ತಾ ನೋಡ್ಬೇಕು.”

ಹಟ ಹಿಡಿದು ಮೂರು ವಾರದ ಪರೀಕ್ಷೆಗೆ ಒಪ್ಪಿಸಿದರು. ಒಂದೇ ಸಲ, ಮತ್ತೆ ಕೇಳಬಾರದು ಎಂಬ ಷರತ್ತಿನ ಮೇಲೆ. ಹೋಲಿಕೆಗೆಂದು ಪಕ್ಕದಲ್ಲಿ ಶುದ್ಧ ನೀರಿನ ಜಾಡಿಗಳು. ಅವುಗಳಲ್ಲೇ ಸಾವು ಹೆಚ್ಚಾದರೆ ಇಡೀ ಪರೀಕ್ಷೆ ರದ್ದು. ಎರಡನೇ ವಾರದ ಹೊತ್ತಿಗೆ ಗಣಿಯ ನೀರಿನಲ್ಲಿದ್ದವು ಮರಿ ಹಾಕುವುದನ್ನು ಬಹುತೇಕ ನಿಲ್ಲಿಸಿದ್ದವು. ಅಕ್ಕ ಹೇಳಿದ್ದೇ ನಿಜವಾಗುತ್ತಿತ್ತು...

ಒಂದು ಸಂಜೆ ನೀರು ಬದಲಿಸುವ ಸರದಿ ನನ್ನದು. ಚಳಿಗೆ ಬಿರಿದ ಕೈಗೆ ಕ್ರೀಮು ಹಚ್ಚಿದ್ದೆ. ಗಣಿಯ ನೀರಿಗೆ ಗ್ಲೌಸ್ ಹಾಕಿದೆ. ಶುದ್ಧ ನೀರಿಗೆ ಯಾಕೆ ಎಂದು ಬಿಚ್ಚಿಟ್ಟೆ. ಬೆರಳಿನ ಕ್ರೀಮು ಜಾಡಿಗಳಿಗಿಳಿಯಿತು.

ಮರುದಿನ ಶುದ್ಧ ನೀರಿನ ಜೀವಿಗಳೆಲ್ಲ ಸತ್ತು ತಳದಲ್ಲಿ ಬಿದ್ದಿದ್ದವು.

“ಗ್ಲೌಸ್ ಹಾಕ್ಕೊಂಡಿದ್ಯಾ?”

“ಹೂಂ, ಅಕ್ಕ.”

ಆಗ ಅವರು ನನ್ನ ಕೈ ನೋಡಿದರು ಎಂದು ಬರೆಯಲು ಆಸೆ. ನೋಡಲಿಲ್ಲ, ಅಥವಾ ನನಗೆ ಗೊತ್ತಿಲ್ಲ. “ಕಾರಣ ತಿಳಿದಿಲ್ಲ, ಹೊಣೆ ನನ್ನದು” ಎಂದು ದಾಖಲೆಯಲ್ಲಿ ಬರೆದು ಸಹಿ ಹಾಕಿದರು. ಮೂರು ವಾರದ ಪರೀಕ್ಷೆ ರದ್ದಾಯಿತು, ಕಂಪನಿಗೆ ಎರಡು ದಿನದ ಫಲಿತಾಂಶವನ್ನೇ ಕಳಿಸಿದರು. ಸ್ವಲ್ಪ ದಿನಕ್ಕೆ ಅವರನ್ನು ಆ ಕೆಲಸದಿಂದ ತೆಗೆದರು. ಈ ಕಥೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ನಾನು ಹೇಳುವಾಗಲೆಲ್ಲ ಆ ಜೀವಿಗಳು ತಾವಾಗಿಯೇ ಸಾಯುತ್ತವೆ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ನಿನ್ನೆ ಅವರ ಮಗಳಿಗೆ ಕಾಲ್ ಮಾಡಿ ಮೊದಲ ಸಲ ನಿಜ ಹೇಳಿದೆ. ಅವಳು “ಇಟ್ಸ್ ಓಕೆ, ಆಂಟಿ. ದೇ ವರ್ ಜಸ್ಟ್ ಬಗ್ಸ್, ರೈಟ್?” ಎಂದಳು.

ಹುಳದ ಮಾತಲ್ಲಮ್ಮ ಎಂದು ಶುರು ಮಾಡಿ ನಿಲ್ಲಿಸಿದೆ. ಹೇಳಬೇಕಾದವರಿಗೆ ಹೇಳದೆ ಉಳಿಸಿಕೊಂಡಿದ್ದು, ಈಗ ಯಾರಿಗೆ ಹೇಳಿದರೂ ಬರೀ ಹುಳದ ಕಥೆ.